ತನುಜ ಕಲಿತ ತಲೆಕೆಳಗಿನ ಕಾರ್ಡು

ಗೌರಿಬಿದನೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ತನುಜಳ ಬ್ಯೂಟಿ ಪಾರ್ಲರ್ ಇತ್ತು. ಎರಡು ತಿರುಗುವ ಕುರ್ಚಿ, ಗೋಡೆಯಗಲದ ಕನ್ನಡಿ, ಒಂದು ಹಸಿರು ಪರದೆ, ಗಡಗಡ ಸದ್ದು ಮಾಡುತ್ತಿದ್ದರೂ ಒಳ್ಳೆಯ ಗಾಳಿ ಕೊಡುತ್ತಿದ್ದ ಫ್ಯಾನು. ಚಿಂತಾಮಣಿಗೆ ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಅದು ನೆಟ್ಟಗಾಗದೆ ತಂದೆಯ ಮನೆಗೆ ಮರಳಿದ ಮೇಲೆ, ಬೆಂಗಳೂರಿನಲ್ಲಿ ಆರು ತಿಂಗಳು ಕೆಲಸ ಕಲಿತು ಅವಳು ಇದನ್ನು ಶುರುಮಾಡಿದ್ದಳು. ಆಗ ಅವಳಿಗೆ ಮೂವತ್ತು ವರ್ಷ.

ತನುಜಳಿಗೆ ಮಾತು ಕಡಿಮೆ. ಆದರೆ ಪಾರ್ಲರ್‌ಗೆ ಬರುವ ಹೆಂಗಸರಿಗೆ ಕಡಿಮೆಯಿರಲಿಲ್ಲ. ಹುಬ್ಬು ತೀಡಿಸಿಕೊಳ್ಳುವಾಗ ನೋವಿಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದವರು, ತಲೆಗೆ ಎಣ್ಣೆ ಹಚ್ಚಿ ಬೆರಳಾಡಿಸಲು ಶುರುಮಾಡಿದ ಕೂಡಲೇ ಕಣ್ಣು ಮುಚ್ಚಿ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಗಂಡನ ಮಾತು, ನಾದಿನಿಯ ಕೊಂಕು, ಮಗಳ ಓದು, ಯಾರಿಗೂ ತೋರಿಸದ ಎದೆಯ ಗಂಟು. ಕೇಳಿ ಕೇಳಿ ತನುಜಳ ಮನಸ್ಸು ಭಾರವಾಗುತ್ತಿತ್ತು. ತಿರುಗಿ ಏನು ಹೇಳಬೇಕೆಂದು ಮಾತ್ರ ತೋಚುತ್ತಿರಲಿಲ್ಲ. "ಹೌದಾ ಅಕ್ಕಾ" ಎಂದು ಸುಮ್ಮನಾಗುತ್ತಿದ್ದಳು.

2005ರಲ್ಲಿ ಬ್ಯೂಟಿಷಿಯನ್‌ಗಳ ಒಂದು ತರಬೇತಿಗೆ ಬೆಂಗಳೂರಿಗೆ ಹೋದಾಗ ಅವಳಿಗೆ ಜ್ಯೋತಿಲಕ್ಷ್ಮಿಯ ಪರಿಚಯವಾಯಿತು. ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾಗಿ, ಹೊತ್ತು ಹೋಗಲೆಂದು ತರಬೇತಿಗೆ ಸೇರಿದ್ದ ಯಲಹಂಕದ ಹೆಂಗಸು. ಊಟದ ಬಿಡುವಿನಲ್ಲಿ ಆಕೆ ಕೈಚೀಲದಿಂದ ಒಂದು ಕಟ್ಟು ಚಿತ್ರದ ಕಾರ್ಡುಗಳನ್ನು ತೆಗೆದು, ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಒಂದೊಂದೇ ಬಿಡಿಸಿ ತೋರಿಸುತ್ತಾ ಮಾತಾಡುತ್ತಿದ್ದರು. ಟ್ಯಾರೋ ಎಂಬ ಹೆಸರನ್ನು ತನುಜ ಕೇಳಿದ್ದು ಅಂದೇ ಮೊದಲು. ಅವಳನ್ನು ಸೆಳೆದದ್ದು ಭವಿಷ್ಯವಲ್ಲ. ಆ ಹುಡುಗಿ ಅತ್ತಳು, ನಕ್ಕಳು, ಕೊನೆಗೆ ಹಗುರಾಗಿ ಎದ್ದುಹೋದಳು. ತನಗೆ ಸಿಗದಿದ್ದ ಮಾತು ಈ ಹೆಂಗಸಿಗೆ ಸಿಕ್ಕಿದೆ ಎಂದು ತನುಜಳಿಗೆ ಅನ್ನಿಸಿತು.

ಅಲ್ಲಿಂದ ಭಾನುವಾರ ಮಧ್ಯಾಹ್ನ ಪಾರ್ಲರ್ ಮುಚ್ಚಿ ಪ್ಯಾಸೆಂಜರ್ ರೈಲು ಹತ್ತಿ ಯಲಹಂಕಕ್ಕೆ ಹೋಗುವುದು ರೂಢಿಯಾಯಿತು. ಅವಳೂ ಒಂದು ಕಟ್ಟು ಕೊಂಡಳು. ಎಪ್ಪತ್ತೆಂಟು ಕಾರ್ಡು. ಒಂದೊಂದಕ್ಕೂ ಒಂದು ಚಿತ್ರ, ಒಂದು ಗುಣ. ಜ್ಯೋತಿಲಕ್ಷ್ಮಿ ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದ್ದರು.

"ನೋಡಮ್ಮ, ಕಲೆಸುವಾಗ ಕೆಲವು ಕಾರ್ಡು ತಲೆಕೆಳಗಾಗಿ ಬರ್ತವೆ. ಬಂದ್ರೆ ಸದ್ಯಕ್ಕೆ ನೆಟ್ಟಗೆ ಮಾಡಿ ಇಟ್ಕೊ. ಅದರ ಅರ್ಥ ಬೇರೆ, ಅದನ್ನ ಆಮೇಲೆ ಹೇಳ್ಕೊಡ್ತೀನಿ. ಆತುರ ಬೇಡ."

ಅವಳು ಪಾರ್ಲರ್‌ನಲ್ಲೂ ಕಾರ್ಡು ಬಿಡಿಸತೊಡಗಿದಾಗ ಮನೆಯಲ್ಲಿ ತಂದೆ ಕೆಂಪರಾಜು ಈ ಹೊಸ ಹುಚ್ಚನ್ನು ಕಂಡು ಮುಖ ಗಂಟಿಕ್ಕಿದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು, ನಡುವಯಸ್ಸಿನಲ್ಲಿ ಬೌದ್ಧಧರ್ಮಕ್ಕೆ ಸೇರಿದವರು. ಜಾತಕ, ಶಕುನ, ಕಣಿ ಯಾವುದಕ್ಕೂ ಅವರ ಮನೆಯಲ್ಲಿ ಜಾಗವಿರಲಿಲ್ಲ.

"ಹೊಸಿಲಾಚೆ ಬಿಟ್ಟಿದ್ದನ್ನ ರೈಲಲ್ಲಿ ಹೋಗಿ ತಂದ್ಯಲ್ಲಮ್ಮ" ಎಂದರು.

"ಭವಿಷ್ಯ ಹೇಳಲ್ಲಪ್ಪ. ಸುಮ್ನೆ ಮಾತಾಡೋಕೆ ಒಂದು ದಾರಿ ಅಷ್ಟೆ."

"ಹಂಗಂತ ನೀನು ಅಂದ್ಕೊಂಡಿದೀಯ. ಕೇಳೋರು ಏನಂದ್ಕೋತಾರೆ?"

ತನುಜ ಕಾರ್ಡಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಪಾರ್ಲರ್‌ನ ಮೆಟ್ಟಿಲ ಕೆಳಗೆ ಆದಿಲಕ್ಷ್ಮಮ್ಮ ಹೂ ಮಾರುತ್ತಿದ್ದರು. ಅರವತ್ತು ದಾಟಿದ ವಿಧವೆ. ಮಧ್ಯಾಹ್ನ ವ್ಯಾಪಾರ ಕಡಿಮೆಯಾದಾಗ, ಬುಟ್ಟಿಗೆ ಒದ್ದೆ ಗೋಣಿ ಹೊದಿಸಿ, ಮೆಟ್ಟಿಲು ಹತ್ತಿ ಬಂದು ಫ್ಯಾನಿನ ಕೆಳಗೆ ಕಾಲು ನೀಡಿ ಕೂರುತ್ತಿದ್ದರು. ಎಲ್ಲರೂ ತಮ್ಮ ಕಥೆ ಹೇಳಿಕೊಳ್ಳುತ್ತಿದ್ದ ಆ ಕೋಣೆಯಲ್ಲಿ ತಮ್ಮದನ್ನು ಹೇಳದೆ ಇದ್ದವರೆಂದರೆ ಅವರೊಬ್ಬರೇ. ಅದಕ್ಕೇ ನವೆಂಬರ್‌ನ ಒಂದು ಮಧ್ಯಾಹ್ನ ಅವರು ತಾವಾಗಿಯೇ ಬಾಯಿಬಿಟ್ಟಾಗ ತನುಜಳಿಗೆ ಆಶ್ಚರ್ಯವಾಯಿತು.

"ಏನಮ್ಮ ತನುಜಮ್ಮ, ನಿನ್ ಚಿತ್ರದ ಕಾರ್ಡು ನಂಗೂ ಒಂದ್ಸಲ ನೋಡ್ತೀಯಾ?"

"ಏನ್ ಕೇಳ್ಬೇಕು ಅಮ್ಮಾ?"

ಮಂಡಿಕಲ್‌ನಲ್ಲಿ ಅವರಿಗೆ ಒಬ್ಬ ಅಕ್ಕ ಇದ್ದಾಳೆ, ಹೆಸರು ಅಕ್ಕಯ್ಯಮ್ಮ. ತಾಯಿ ತೀರಿಕೊಂಡ ದಿನದಿಂದ, ಅಂದರೆ ಹನ್ನೊಂದು ವರ್ಷದಿಂದ, ಇಬ್ಬರಿಗೂ ಮಾತಿಲ್ಲ. ಅಕ್ಕ ಬರುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ತಾಯಿಯ ಮುಖ ನೋಡಲು ಬಿಡಲಿಲ್ಲ ಎಂದು ಅಕ್ಕ ಎಲ್ಲರೆದುರು ಕೂಗಾಡಿ, ಬಂದ ಕಾಲಲ್ಲೇ ಹೊರಟುಹೋಗಿದ್ದಳು. ಈಗ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂದಿತ್ತು.

"ನಾಳೆ ಹೋಗಣ ಅಂತ ಬಟ್ಟೆ ಚೀಲ ಕಟ್ಕೊಂಡಿದೀನಿ. ಹೋದ್ರೆ ಒಳಗ್ ಸೇರಿಸ್ತಾಳೋ ಇಲ್ವೋ. ಅಷ್ಟ್ ನೋಡಿ ಹೇಳಮ್ಮ."

ತನುಜ ಕಾರ್ಡು ಕಲೆಸಿ ಚಿಕ್ಕ ಮೇಜಿನ ಮೇಲೆ ಹರಡಿದಳು. ಆದಿಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು, ಒಂದನ್ನು ಎಳೆದು, ಮೆಲ್ಲಗೆ ಮಗುಚಿದರು. ಆರು ಬಟ್ಟಲುಗಳ ಕಾರ್ಡು. ಹಳೆಯ ಮನೆಯೊಂದರ ಅಂಗಳದಲ್ಲಿ ದೊಡ್ಡ ಮಗುವೊಂದು ಪುಟ್ಟ ಹುಡುಗಿಗೆ ಹೂ ತುಂಬಿದ ಬಟ್ಟಲನ್ನು ಕೊಡುತ್ತಿರುವ ಚಿತ್ರ.

ಮುದುಕಿಯ ಮುಖ ಅರಳಿಬಿಟ್ಟಿತು. "ಅಯ್ಯೋ ದೇವುಡಾ! ನೋಡಮ್ಮ, ಇದು ನಮ್ಮಕ್ಕ, ಇದು ನಾನು! ಹಿಂಗೇ ಹೂ ಕಿತ್ತು ಕೊಡ್ತಿದ್ಲು ಕಣಮ್ಮ ನಂಗೆ."

ಆದರೆ ಎದುರು ಕೂತಿದ್ದ ತನುಜಳಿಗೆ ಅದು ತಲೆಕೆಳಗಾಗಿ ಕಾಣುತ್ತಿತ್ತು. ಜ್ಯೋತಿಲಕ್ಷ್ಮಿ ಮೇಡಂ ಹೇಳಿದಂತೆ ನೆಟ್ಟಗೆ ಮಾಡಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ವಾರವಷ್ಟೇ ಅವಳು ಕಾರ್ಡಿನ ಜೊತೆ ಬಂದಿದ್ದ ಪುಟ್ಟ ಇಂಗ್ಲಿಷ್ ಪುಸ್ತಿಕೆಯನ್ನು ಬಿಡಿಸಿ, ತಲೆಕೆಳಗಿನ ಅರ್ಥಗಳನ್ನು ಬಾಯಿಪಾಠ ಮಾಡಿದ್ದಳು. ಒಂದೊಂದು ಕಾರ್ಡಿಗೆ ಎರಡೋ ಮೂರೋ ಪದ. ಹೊಸದಾಗಿ ಕಲಿತದ್ದನ್ನು ಹೇಳುವ ಚಪಲ ತಡೆಯಲಾಗಲಿಲ್ಲ.

"ಇಲ್ಲಮ್ಮ, ಇದು ನನ್ನ ಕಡೆಯಿಂದ ನೋಡ್ಬೇಕು. ತಲೆಕೆಳಗಾಗಿ ಬಂದಿದೆ. ಹಂಗ್ ಬಂದ್ರೆ ಹಳೇ ಸಂಬಂಧ ಕಡಿದು ಹೋಯ್ತು ಅಂತ ಅರ್ಥ. ಹಿಂದಿನದು ಹಿಂದೇನೇ ಉಳಿಯುತ್ತೆ."

ಆದಿಲಕ್ಷ್ಮಮ್ಮ ಕಾರ್ಡಿನ ಮೇಲಿಟ್ಟಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. "ಹಂಗಾ" ಎಂದರು. ಗೋಡೆ ಹಿಡಿದು ಎದ್ದು, ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಿಗ್ಗೆ ತನುಜ ಪಾರ್ಲರ್‌ಗೆ ಬಂದಾಗ ಅವರು ಎಂದಿನ ಜಾಗದಲ್ಲೇ ಕೂತು ಕನಕಾಂಬರ ಕಟ್ಟುತ್ತಿದ್ದರು.

"ಮಂಡಿಕಲ್‌ಗೆ ಹೋಗ್ಲಿಲ್ವಾ ಅಮ್ಮಾ?"

"ಯಾಕ್ ಹೋಗ್ಲಿ? ಕಡಿದು ಹೋಯ್ತು ಅಂತ ನೀನೇ ಹೇಳ್ದಲ್ಲಮ್ಮ. ಬಿಡು, ಒಂದ್ ಯೋಚನೆ ತಪ್ತು." ತಲೆ ಎತ್ತದೆ ಹೇಳಿದರು. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಅಂದು ಸಂಜೆ ತನುಜ ತಂದೆಯ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಅವರು ಗದರಿಸುತ್ತಾರೆಂದು ಕಾದಳು. ಕೆಂಪರಾಜು ಕನ್ನಡಕ ತೆಗೆದು ಪೇಪರ್ ಮಡಿಸಿದರು.

"ಆ ಕಾರ್ಡು ನಿಜಾನೋ ಸುಳ್ಳೋ, ಅದು ಬೇರೆ ಮಾತು ತನು. ಆಯಮ್ಮ ನಂಬಿದ್ರಲ್ಲ, ಅದು ನಿಜ. ಒಬ್ರು ಹೋಗೋ ದಾರೀಲಿ ಕಲ್ಲು ಇಟ್ಟಿದೀಯ. ನೀನೇ ತೆಗೀಬೇಕು."

ಭಾನುವಾರ ಯಲಹಂಕದಲ್ಲಿ ತನುಜ ಕಾರ್ಡಿನ ಕಟ್ಟನ್ನು ಬಿಚ್ಚದೆ ಮೇಜಿನ ಮೇಲಿಟ್ಟು, "ಇನ್ನು ನನಗೆ ಬೇಡ ಮೇಡಂ" ಎಂದಳು. ಜ್ಯೋತಿಲಕ್ಷ್ಮಿ ಪೂರ್ತಿ ಕೇಳಿಸಿಕೊಂಡರು. ಕಾಫಿ ತಂದುಕೊಟ್ಟರು. ಆಮೇಲೆ ಕಟ್ಟಿನಿಂದ ಸೂರ್ಯನ ಕಾರ್ಡನ್ನು ಹುಡುಕಿ ತೆಗೆದು ತಲೆಕೆಳಗಾಗಿ ಇಟ್ಟರು.

"ಇದರಲ್ಲಿ ಸೂರ್ಯ ಇದಾನೋ ಇಲ್ವೋ?"

"ಇದಾನೆ."

"ತಲೆಕೆಳಗಾದ ಕೂಡ್ಲೇ ಕತ್ತಲಾಗೋಯ್ತಾ?"

"ಇಲ್ಲ..."

"ಮೋಡ ಬಂದಿರ್ಬೋದು. ಇನ್ನೂ ಹುಟ್ಟೋ ಹೊತ್ತಾಗಿಲ್ದೆ ಇರ್ಬೋದು. ಇಲ್ಲಾ ಆ ಮನುಷ್ಯ ಕಿಟಕಿ ಹಾಕ್ಕೊಂಡು ಕೂತಿರ್ಬೋದು. ಸೂರ್ಯ ಅಂತೂ ಇದಾನೆ. ತಲೆಕೆಳಗಿನ ಕಾರ್ಡು ಅಂದ್ರೆ ಇಲ್ಲ ಅಂತಲ್ಲ ತನುಜ, ಇದೆ ಆದ್ರೆ ಹೊರಗೆ ಬರ್ತಿಲ್ಲ ಅಂತ. ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಕೇಳ್ಬೇಕು. ನೀನು ಹೇಳೋದಲ್ಲ, ಕೇಳೋದು."

ಆಮೇಲೆ ಕತ್ತಿಗಳು ಚುಚ್ಚಿಕೊಂಡು ಬೋರಲು ಬಿದ್ದ ಮನುಷ್ಯನ ಕಾರ್ಡನ್ನು ಹಾಗೆಯೇ ತಿರುಗಿಸಿಟ್ಟರು. ನೆಟ್ಟಗಿದ್ದಾಗ ನೋಡಲು ಭಯವಾಗುವ ಕಾರ್ಡು. "ಇದು ತಿರುಗಿದ್ರೆ?" ತನುಜ ನೋಡುತ್ತಾ ಕೂತಳು. "ಕತ್ತಿ ಉದುರ್ತಿವೆ" ಎಂದಳು ಕೊನೆಗೆ. ಜ್ಯೋತಿಲಕ್ಷ್ಮಿ ನಕ್ಕರು. "ಹ್ಞಾ. ಕಷ್ಟದ ಕಾರ್ಡು ತಿರುಗಿದ್ರೆ ಕಷ್ಟ ಇಳೀತಿದೆ ಅಂತಾನೂ ಆಗುತ್ತೆ. ಒಂದು ಸಾಲಲ್ಲಿ ಬರೆದಿಡೋಕೆ ಆಗಲ್ಲ ಇದು. ಅದಕ್ಕೇ ಆಮೇಲೆ ಅಂದಿದ್ದು ನಾನು."

ತಕ್ಷಣ ಊರಿಗೆ ಓಡಿಹೋಗಿ ಆದಿಲಕ್ಷ್ಮಮ್ಮನಿಗೆ ಹೇಳಬೇಕೆಂದು ತನುಜ ಚಡಪಡಿಸಿದಳು. "ಇನ್ನೊಂದು ಸಲ ಅರ್ಧಂಬರ್ಧ ಹೇಳ್ತೀಯಾ?" ಎಂದು ಜ್ಯೋತಿಲಕ್ಷ್ಮಿ ತಡೆದರು. "ನಾಲ್ಕು ದಿನ ಕೂತು ಓದು."

ಆ ನಾಲ್ಕು ದಿನ ತನುಜ ಸಂಜೆ ಮನೆಗೆ ಬಂದವಳೇ ಒಂದು ನೋಟ್‌ಬುಕ್ ಹಿಡಿದು, ಕಾರ್ಡುಗಳನ್ನು ಒಂದೊಂದಾಗಿ ತಲೆಕೆಳಗಿಟ್ಟು ನೋಡುತ್ತಾ ಕೂತಳು. ಗಂಡಸರ ಹಾಗೆ ಯುದ್ಧ ಮಾಡದೆ ಬರಿಗೈಯಲ್ಲಿ ಸಿಂಹದ ಬಾಯಿ ಹಿಡಿದ ಹೆಣ್ಣಿನ ಕಾರ್ಡು ತಿರುಗಿದರೆ, ಧೈರ್ಯವಿಲ್ಲ ಎಂದೇನಲ್ಲ, ತನ್ನಲ್ಲಿರುವ ಧೈರ್ಯ ಆಕೆಗೇ ಗೊತ್ತಿಲ್ಲ. ಸಿಡಿಲು ಬಡಿದು ಬೀಳುವ ಗೋಪುರದ ಕಾರ್ಡು ತಿರುಗಿದರೆ, ಬೀಳಲೇಬೇಕಾದದ್ದನ್ನು ಯಾರೋ ಎರಡೂ ಕೈಯಲ್ಲಿ ಎತ್ತಿಹಿಡಿದಿದ್ದಾರೆ. ಇದನ್ನು ಬರೆಯುವಾಗ ಅವಳ ಪೆನ್ನು ನಿಂತಿತು. ಚಿಂತಾಮಣಿಯ ಆ ಎರಡು ವರ್ಷ ಅವಳು ಮಾಡಿದ್ದು ಅದನ್ನೇ. ಅದೆಲ್ಲ ತನ್ನ ಸೋಲು ಎಂದುಕೊಂಡಿದ್ದಳು. ಈಗ ನೋಡಿದರೆ ಕೈ ಸೋತಿತ್ತು, ಅಷ್ಟೆ. ಅವಳು ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು ಮುಂದಿನ ಕಾರ್ಡು ತೆಗೆದಳು.

ಮೂರನೆಯ ಸಂಜೆ ಕೆಂಪರಾಜು ಹಳೆಯ ಡಿಕ್ಷನರಿ ಹಿಡಿದು ಬಂದು ಎದುರು ಕೂತರು. "ಎಲ್ಲಿ, ಆ ಪುಸ್ತಿಕೆ ಕೊಡಿಲ್ಲಿ."

"ನಿಮಗೆ ಇದರಲ್ಲಿ ನಂಬಿಕೆ ಇಲ್ಲವಲ್ಲಪ್ಪ."

"ನಂಬಿಕೆ ಇಲ್ಲ. ಆದ್ರೆ ಅನುವಾದ ತಪ್ಪಾಗ್ಬಾರ್ದು." ಆರು ಬಟ್ಟಲುಗಳ ಪುಟ ತೆಗೆದು, ಸಣ್ಣ ಅಕ್ಷರವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. "ಇಲ್ಲಿ ಕಡಿದು ಹೋಯ್ತು ಅಂತ ಎಲ್ಲಿದೆ? ಹಿಂದಿನದಕ್ಕೆ ಅಂಟಿಕೊಂಡು ಅಲ್ಲೇ ನಿಂತುಬಿಡೋದು ಅಂತ ಇದೆ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡು." ಬುದ್ಧನ ಚಿತ್ರದ ಕೆಳಗೆ ತಂದೆ ಮಗಳು ಊಟದ ಹೊತ್ತು ಮೀರುವವರೆಗೂ ಕೂತು ಇಡೀ ಪುಸ್ತಿಕೆಯನ್ನು ಕನ್ನಡಕ್ಕೆ ಇಳಿಸಿದರು.

ಶುಕ್ರವಾರ ಮಧ್ಯಾಹ್ನ ತನುಜ ತಾನೇ ಮೆಟ್ಟಿಲಿಳಿದು ಹೋಗಿ ಹೂವಿನ ಬುಟ್ಟಿಯ ಪಕ್ಕ ಕೂತಳು. "ಅಮ್ಮಾ, ನಾನು ಅವತ್ತು ತಪ್ಪು ಹೇಳ್ದೆ. ನಂಗೆ ಸರಿಯಾಗಿ ಗೊತ್ತಿರ್ಲಿಲ್ಲ, ಆದ್ರೂ ಗೊತ್ತಿರೋಳ ಹಾಗೆ ಹೇಳ್ಬಿಟ್ಟೆ."

"ಬಿಡಮ್ಮ. ಕಾರ್ಡ್ ಬಂದಿದ್ದಂತೂ ಬಂತಲ್ಲ."

"ನೀವು ನೋಡಿದಾಗ ಅದು ನೆಟ್ಟಗೇ ಇತ್ತಲ್ಲಮ್ಮ. ಅದು ನಿಮ್ಮ ಕಾರ್ಡು. ನಾನ್ಯಾಕೆ ನನ್ನ ಕಡೆಯಿಂದ ನೋಡ್ಬೇಕಿತ್ತು?"

ಆದಿಲಕ್ಷ್ಮಮ್ಮ ನಾರಿಗೆ ಹೂ ಸೇರಿಸಿ ಗಂಟು ಹಾಕುತ್ತಲೇ ಇದ್ದರು. ತನುಜ ಮೆಲ್ಲಗೆ ಕೇಳಿದಳು: "ನಿಮ್ಮಕ್ಕನಿಗೆ ಹೇಳ್ಬೇಕಾಗಿದ್ದು, ಹೇಳದೇ ಒಳಗೇ ಇಟ್ಕೊಂಡಿರೋದು ಏನಾದ್ರೂ ಇದೆಯಾ ಅಮ್ಮಾ?"

ಹೂ ಕಟ್ಟುತ್ತಿದ್ದ ಕೈ ನಿಂತಿತು.

"ಮೂರ್ ವರ್ಷ" ಎಂದರು ಆದಿಲಕ್ಷ್ಮಮ್ಮ. "ಮೂರ್ ವರ್ಷ ನಮ್ಮಮ್ಮನ್ನ ನಾನೇ ನೋಡ್ಕೊಂಡೆ. ಉಣ್ಸೋದು, ತೊಳ್ಯೋದು, ಎಲ್ಲ ನಾನೇ. ಕೊನೇ ದಿನ ಬೆಳಿಗ್ಗೆ ಕಣ್ ಬಿಟ್ಟು ನನ್ ಮುಖ ನೋಡಿ ಅಮ್ಮ ಕರೆದಿದ್ದು ಯಾರ್ನ ಗೊತ್ತಾ? ಅಕ್ಕಯ್ಯಾ, ಅಕ್ಕಯ್ಯಾ ಅಂತ. ನನ್ ಹೆಸರು ಬರ್ಲೇ ಇಲ್ಲ ಕಣಮ್ಮ ಅವ್ಳ ಬಾಯಲ್ಲಿ. ನಂಗೆ ಹೊಟ್ಟೆ ಉರೀತು. ಬೆಳಿಗ್ಗೇನೇ ಹೇಳಿ ಕಳಿಸ್ಬೇಕಾಗಿತ್ತು, ಸಂಜೆ ಕಳಿಸ್ದೆ. ಅವ್ಳು ಕೂಗಾಡಿದ್ದು ಸುಳ್ಳಲ್ಲ. ನಾನೇ ತಡ ಮಾಡಿದ್ದು."

ಹನ್ನೊಂದು ವರ್ಷದಲ್ಲಿ ಅವರು ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ತನುಜ ಅವರ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಳು. ಆಮೇಲೆ ಅಂದಳು, "ನಾಳೆ ಪಾರ್ಲರ್ ಮುಚ್ತೀನಿ. ನಾನೂ ಬರ್ತೀನಿ, ಹೋಗಣ."

ಶನಿವಾರ ಇಬ್ಬರೂ ಮಂಚೇನಹಳ್ಳಿಯ ಮೇಲೆ ಹೋಗುವ ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಮಂಡಿಕಲ್ ಸೇರಿದರು. ಮನೆ ಮುಂದೆ ಬಂದಾಗ ಆದಿಲಕ್ಷ್ಮಮ್ಮ ತನುಜಳ ಮಣಿಕಟ್ಟು ಹಿಡಿದುಕೊಂಡರು. ಅಕ್ಕಯ್ಯಮ್ಮನ ಸೊಸೆ ಬಾಗಿಲು ತೆಗೆದು, ಗುರುತು ಹಿಡಿದು, ಪಕ್ಕಕ್ಕೆ ಸರಿದಳು.

ಅಕ್ಕಯ್ಯಮ್ಮ ನಡುಮನೆಯ ಮಂಚದ ಮೇಲೆ ದಿಂಬಿಗೊರಗಿ ಕೂತು, ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಿದ್ದಾಗಿನಿಂದ ತಲೆ ಬಾಚದೆ ಕೂದಲು ಜಡೆಗಟ್ಟಿತ್ತು. ಬಂದವಳು ಯಾರೆಂದು ತಿಳಿಯಿತು. ಕೈ ನಿಲ್ಲಿಸಲಿಲ್ಲ.

"ಯಾಕ್ ಬಂದೆ? ಸತ್ ಮೇಲೆ ಬರೋದಲ್ವಾ ನಮ್ಮನೇಲಿ ಪದ್ಧತಿ?"

ಆದಿಲಕ್ಷ್ಮಮ್ಮ ಕೂರಲಿಲ್ಲ. ನಿಂತಲ್ಲೇ, ಪಾಠ ಒಪ್ಪಿಸುವ ಮಗುವಿನ ಹಾಗೆ ಎಲ್ಲವನ್ನೂ ಹೇಳಿಬಿಟ್ಟರು. ಬೆಳಿಗ್ಗೆ ಕರೆದದ್ದು, ತಮಗೆ ಹೊಟ್ಟೆ ಉರಿದದ್ದು, ಸಂಜೆವರೆಗೂ ತಡಮಾಡಿದ್ದು. "ನಂದೇ ತಪ್ಪು ಅಕ್ಕ. ಹೊಡೀ ಬೇಕಾದ್ರೆ."

ಮೊರದ ಮೇಲೆ ಅಕ್ಕಯ್ಯಮ್ಮನ ಕೈ ಹಾಗೇ ನಿಂತಿತು. ತಡಮಾಡಿದೆ ಎಂಬ ಮಾತನ್ನು ಆಕೆ ಕೇಳಿಸಿಕೊಂಡರೋ ಇಲ್ಲವೋ.

"ನನ್ ಹೆಸ್ರು ಕರೆದ್ಲಾ?"

"ಹ್ಞೂ."

"ಎಷ್ಟ್ ಸಲ?"

"ಮೂರ್ ನಾಕ್ ಸಲ."

"ಹೆಂಗ್ ಕರೆದ್ಲು? ಹೇಳು, ಹೆಂಗ್ ಕರೆದ್ಲು?"

"ನಾವ್ ಸಣ್ಣವ್ರಿದ್ದಾಗ ಕೆರೆ ಏರಿ ಮೇಲ್ ನಿಂತ್ಕೊಂಡು ಕರೀತಿದ್ಲಲ್ಲ, ಹಂಗೇ. ಅಕ್ಕಯ್ಯಾ... ಅಂತ ಎಳ್ದು."

ಅಕ್ಕಯ್ಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ಮೊರ ವಾಲಿ ಅವರೆಕಾಳು ನೆಲದ ತುಂಬ ಉರುಳಿದವು. "ನನ್ ಮರೆತೇಬಿಟ್ಟಿದ್ಲು ಅಂದ್ಕೊಂಡಿದ್ನಲ್ಲೇ" ಎಂದರು. "ಕೊನೇಗಾಲಕ್ಕೆ ನೆನೆಸ್ಕೊಳ್ಳೋ ಅಂಥದ್ದು ನಾನೇನ್ ಮಾಡಿದ್ದೆ ಅಂತ. ಹನ್ನೊಂದ್ ವರ್ಷ ಇದನ್ನ ಬಚ್ಚಿಟ್ಕೊಂಡಿದ್ಯಲ್ಲೇ ಪಾಪಿ!" ಹಾಗೆ ಬೈಯುತ್ತಲೇ ಕೈಚಾಚಿ ತಂಗಿಯ ಸೀರೆಯಂಚನ್ನು ಹಿಡಿದು ಎಳೆದು ಮಂಚದ ಮೇಲೆ ಕೂರಿಸಿಕೊಂಡರು.

ತನುಜ ನೆಲಕ್ಕೆ ಕೂತು ಕಾಳು ಆರಿಸಿದಳು. ಕಾರ್ಡಿನ ಕಟ್ಟು ಅವಳ ಚೀಲದಲ್ಲೇ ಇತ್ತು. ಅದನ್ನು ತೆಗೆಯುವ ಅಗತ್ಯ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕಯ್ಯಮ್ಮನ ಕಣ್ಣಿಗೆ ಅವಳು ಬಿದ್ದಳು.

"ಇವ್ಳ್ಯಾರೇ?"

"ತಲೆ ಬಾಚೋಳಕ್ಕ. ನಮ್ಮಂಗಡಿ ಮೇಲೆ ಪಾರ್ಲರ್ ಇಟ್ಟವ್ಳೆ."

ತನುಜ ನಕ್ಕು ಎದ್ದಳು. ಸೊಸೆಯಿಂದ ಹರಳೆಣ್ಣೆ ಬಿಸಿ ಮಾಡಿಸಿಕೊಂಡು ಬಂದು, ಮುದುಕಿಯ ಹಿಂದೆ ಮಂಚದ ಮೇಲೆ ಕೂತು, ಜಡೆಗಟ್ಟಿದ್ದ ಕೂದಲಿಗೆ ಎಣ್ಣೆಯಿಳಿಸಿ ಸಿಕ್ಕು ಬಿಡಿಸತೊಡಗಿದಳು. ಬುಡದಿಂದ ಬಾಚಿದರೆ ನೋವಾಗುತ್ತದೆ. ತುದಿಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು ಮೇಲಕ್ಕೆ ಬರಬೇಕು. ಅವಳು ಹಾಗೆ ಬಿಡಿಸುತ್ತಿದ್ದಷ್ಟು ಹೊತ್ತೂ ಅಕ್ಕಯ್ಯಮ್ಮ ಕೇಳುತ್ತಲೇ ಇದ್ದರು. ಅಮ್ಮ ಕೊನೆಗೆ ಏನು ಉಂಡಳು, ಯಾವ ಸೀರೆ ಉಟ್ಟಿದ್ದಳು, ಮುಖ ಹೇಗಿತ್ತು. ಆದಿಲಕ್ಷ್ಮಮ್ಮ ಒಂದನ್ನೂ ಬಿಡದೆ ಹೇಳುತ್ತಿದ್ದರು.

ಸಂಜೆಯ ಬಸ್ಸಿಗೆ ತನುಜ ಒಬ್ಬಳೇ ಹಿಂತಿರುಗಿದಳು. ಆದಿಲಕ್ಷ್ಮಮ್ಮ ಮಂಡಿಕಲ್‌ನಲ್ಲಿ ಹದಿನೆಂಟು ದಿನ ಉಳಿದರು.

ತನುಜ ಟ್ಯಾರೋ ಬಿಡಲಿಲ್ಲ. ಆದರೆ ಅಂದಿನಿಂದ ಕಾರ್ಡು ಹರಡುವ ರೀತಿ ಬದಲಾಯಿತು. ಕೇಳಲು ಬಂದವರ ಎದುರಿಗಲ್ಲ, ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ತಲೆಕೆಳಗಾದ ಕಾರ್ಡು ಬಂದರೆ ಅವಸರ ಮಾಡದೆ, "ನಿಮಗೇನ್ ಕಾಣ್ಸುತ್ತೆ ಹೇಳಿ" ಎಂದು ಮೊದಲು ಅವರನ್ನೇ ಕೇಳುತ್ತಿದ್ದಳು. ಗೊತ್ತಾಗದಿದ್ದರೆ ಗೊತ್ತಾಗುತ್ತಿಲ್ಲ ಎಂದುಬಿಡುತ್ತಿದ್ದಳು. ಕೆಂಪರಾಜು ಕೊನೆಯವರೆಗೂ ಅದನ್ನು ನಂಬಲಿಲ್ಲ. ಹಾಗೆಂದು ಆಮೇಲೆ ಬೇಡವೆನ್ನಲೂ ಇಲ್ಲ.

ಅಕ್ಕಯ್ಯಮ್ಮ ಮತ್ತೆ ಎದ್ದು ಓಡಾಡುವಂತಾಗಲಿಲ್ಲ. ಇನ್ನೂ ಮೂರು ವರ್ಷ ಬದುಕಿದ್ದರು. ಆ ಮೂರು ವರ್ಷ ತಿಂಗಳಿಗೊಂದು ಸಲ ತಂಗಿ ತಪ್ಪದೆ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದರು. ಬಿಡುವಾದಾಗ ತನುಜಳೂ ಬಾಚಣಿಗೆ ಹಿಡಿದು ಜೊತೆಗೆ ಹೊರಡುತ್ತಿದ್ದಳು.